ಬೈದರೆ, ಮಾನ ಕಳೆದರೆ ಕುಡಿತ ಬಿಡುತ್ತಾರಾ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“ಕುಡಿತ ಕಾಯಿಲೆ ಅಲ್ಲ, ಕೊಬ್ಬು. ನಾಲ್ಕು ಜನರ ಮುಂದೆ ಮಾನ ಕಳೆದರೆ ತಾನಾಗಿಯೇ ಬಿಡುತ್ತಾನೆ.” ಇಂಥ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಅದರ ಬೆನ್ನಿಗೇ “ಗೊತ್ತಾಗದಂತೆ ಊಟದಲ್ಲಿ ಬೆರೆಸಿ” ಎನ್ನುವ ಪುಡಿಯ ಜಾಹೀರಾತು. ಇದರಲ್ಲಿ ನಿಜವೆಷ್ಟು?

ಗಟ್ಟಿ ಮನಸ್ಸೊಂದೇ ಸಾಕೇ?

ಸಾಲದು. ಮದ್ಯ ಮೆದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ದಿನವೂ ಹೆಚ್ಚು ಕುಡಿಯುವವರ ಮೆದುಳು ಇದನ್ನು ಸರಿದೂಗಿಸಲು ತನ್ನ ವೇಗ ಹೆಚ್ಚಿಸಿಕೊಳ್ಳುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ವೇಗಕ್ಕೆ ಕಡಿವಾಣವೇ ಇರುವುದಿಲ್ಲ. ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಕೆಲವರಿಗೆ ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರುತ್ತದೆ. ಇನ್ನು ಕೆಲವರು ಎರಡರಿಂದ ನಾಲ್ಕು ದಿನದೊಳಗೆ ಇಲ್ಲದವರನ್ನು ಕಂಡಂತೆ ಮಾತಾಡುತ್ತಾರೆ, ಹೆದರಿ ಕೂಗುತ್ತಾರೆ. ಮನೆಯವರು “ಗಾಳಿ ಸೋಕಿದೆ” ಎಂದುಕೊಳ್ಳಬಹುದು. ಆದರೆ ಇದು ‘ಡೆಲಿರಿಯಂ ಟ್ರೆಮೆನ್ಸ್’ ಎಂಬ ತುರ್ತು ಸ್ಥಿತಿ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಹಾಗಾಗಿ ಬಹಳ ಕಾಲದಿಂದ ದಿನವೂ ಕುಡಿಯುವವರನ್ನು ರೂಮಿನಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ವೈದ್ಯರು ಔಷಧಿ ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ.

ಜೊತೆಗೆ ಇನ್ನೊಂದು ಕಾಯಿಲೆ

ಕುಡಿತದ ಸಮಸ್ಯೆ ಇರುವ ಅನೇಕರಿಗೆ ಖಿನ್ನತೆ ಅಥವಾ ಆತಂಕದ ಕಾಯಿಲೆಯೂ ಇರುತ್ತದೆ. ಮನಸ್ಸಿನ ಭಾರ ತಾಳಲಾರದೆ ಕುಡಿಯುತ್ತಾರೆ. ಒಂದೆರಡು ಗಂಟೆ ಹಗುರ ಅನ್ನಿಸುತ್ತದೆ. ಆದರೆ ಮದ್ಯ ನಿದ್ದೆ ಕೆಡಿಸಿ ಖಿನ್ನತೆಯನ್ನು ಹೆಚ್ಚಿಸುತ್ತದೆ, ಮರುದಿನ ಇನ್ನಷ್ಟು ಕುಡಿಯುವಂತೆ ಮಾಡುತ್ತದೆ. ಕುಡಿತ ನಿಲ್ಲಿಸಿದ ಕೆಲವು ವಾರಗಳಲ್ಲಿ ಕೆಲವರ ಖಿನ್ನತೆ ತಾನಾಗಿಯೇ ಇಳಿಯುತ್ತದೆ. ಇಳಿಯದವರಿಗೆ ಅದಕ್ಕೂ ಚಿಕಿತ್ಸೆ ಬೇಕು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮಾತ್ರ ಔಷಧಿ ಕೊಟ್ಟರೆ ಕುಡಿತ ಮರುಕಳಿಸುವ ಸಾಧ್ಯತೆ ಹೆಚ್ಚು.

ಪುಡಿಯ ಕತೆ

ಪ್ಯಾಕೆಟ್‌ನಲ್ಲಿ ಏನಿದೆ ಎಂಬುದು ಕೊಂಡವರಿಗೆ ಗೊತ್ತಾಗುವುದಿಲ್ಲ. ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ, ನಿಜ. ಆದರೆ ಅದನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಕೊಡಬೇಕು. ಅದನ್ನು ನುಂಗಿದವರು ಕುಡಿದರೆ ವಾಂತಿ, ಎದೆಬಡಿತ ಶುರುವಾಗಿ ಬಿಪಿ ಕುಸಿಯಬಹುದು, ಪ್ರಾಣವೂ ಹೋಗಬಹುದು. ಗುಟ್ಟಾಗಿ ಬೆರೆಸಿದರೆ ಅವರಿಗೆ ಈ ಎಚ್ಚರಿಕೆಯೇ ಇರುವುದಿಲ್ಲ.

ನಾಚಿಕೆಯಿಂದ ಆಗುವ ನಷ್ಟ

ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಅದರ ಪ್ರಕಾರ ಮದ್ಯದ ಸಮಸ್ಯೆ ಇರುವ ಪ್ರತಿ 100 ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ “ಯಾರಾದರೂ ನೋಡಿದರೆ?” ಎಂಬ ಅಂಜಿಕೆಯೂ ಒಂದು. ಕುಡುಕ, ಹುಚ್ಚ ಎಂಬ ಎರಡು ಹಣೆಪಟ್ಟಿ ಒಟ್ಟಿಗೇ ಬಿದ್ದವರು ಆಸ್ಪತ್ರೆಯ ಮೆಟ್ಟಿಲು ಹತ್ತಲು ಇನ್ನೂ ಹಿಂಜರಿಯುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ ಮದ್ಯ ಮತ್ತು ಮಾದಕ ವಸ್ತುಗಳ ಸೇವನೆಯಿಂದಾಗುವ ಮಾನಸಿಕ ತೊಂದರೆಗಳನ್ನು ಕಾಯಿಲೆ ಎಂದೇ ಪರಿಗಣಿಸುತ್ತದೆ.

ಇದರರ್ಥ ಹೊಡೆತ, ಬೈಗುಳ ಸಹಿಸಿಕೊಳ್ಳಿ ಎಂದಲ್ಲ. ಮನೆಯವರ ಸುರಕ್ಷತೆ ಮೊದಲು.

ನೀವೇನು ಮಾಡಬಹುದು?

• ಕುಡಿದಾಗ ವಾದಕ್ಕಿಳಿಯಬೇಡಿ. ಅಮಲು ಇಳಿದ ಮೇಲೆ, ಒಬ್ಬರೇ ಇದ್ದಾಗ ಮಾತಾಡಿ.
• “ಯಾಕೆ ಕುಡೀತೀಯ?” ಎನ್ನುವ ಬದಲು “ರಾತ್ರಿ ನಿದ್ದೆ ಬರುತ್ತಾ? ಮನಸ್ಸಿಗೆ ಏನಾಗ್ತಿದೆ?” ಎಂದು ಕೇಳಿ.
• ಸಾಯುವ ಮಾತಾಡಿದರೆ ಕುಡಿದ ಮಾತು ಎಂದು ತಳ್ಳಿಹಾಕಬೇಡಿ, ಒಂಟಿಯಾಗಿ ಬಿಡಬೇಡಿ.
• ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಕರೆ ಮಾಡಬಹುದು.
• ಬಿಟ್ಟವರು ಮತ್ತೆ ಕುಡಿದರೆ “ಇಷ್ಟೇ ನಿನ್ನ ಹಣೆಬರಹ” ಎನ್ನಬೇಡಿ. ಶುಗರ್ ಏರಿದಾಗ ವೈದ್ಯರ ಬಳಿ ಹೋಗುವಂತೆ ಇಲ್ಲೂ ಮತ್ತೆ ಹೋಗಬೇಕು.

ಮುಂದಿನ ಸಲ ಕುಡುಕರ ಜೋಕೋ ಪುಡಿಯ ಜಾಹೀರಾತೋ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ನಿಮ್ಮ ಗ್ರೂಪ್‌ನಲ್ಲೇ ಯಾರೋ ಒಬ್ಬರು ಸಹಾಯ ಕೇಳಲೋ ಬೇಡವೋ ಎಂದು ಯೋಚಿಸುತ್ತಿರಬಹುದು. ಅವರಿಗಾಗಿ 14416 ನಂಬರನ್ನು ಕಳಿಸಿ.