ಮರೆಯಲ್ಲಿ ನಡೆವ ಕಾಯಿ

ಕೃಷ್ಣರಾಜನಗರದ ಬಯಲಿನಿಂದ ಹೆಗ್ಗಡದೇವನಕೋಟೆಯ ಕಾಡಂಚಿನವರೆಗೆ ಹಳ್ಳಿಯ ಜಗಲಿಗಳ ಮೇಲೂ ಅರಳಿಕಟ್ಟೆಯ ಕಲ್ಲುಗಳ ಮೇಲೂ ಇದ್ದಲಿನಿಂದಲೋ ಸೀಮೆಸುಣ್ಣದಿಂದಲೋ ಗೆರೆಯೆಳೆದು ಆಡುತ್ತ ಬಂದಿರುವ ಹುಲಿ-ಕುರಿ ಆಟದಲ್ಲಿ, ಹುಲಿಯಷ್ಟು ಮುಚ್ಚುಮರೆಯಿಲ್ಲದ ಪ್ರಾಣಿ ಮತ್ತೊಂದಿಲ್ಲ. 3 ಹುಲಿಗಳು ತ್ರಿಕೋಣದ ನೆತ್ತಿಯ ಬಳಿ ಬಹಿರಂಗವಾಗಿ ಕುಳಿತಿರುತ್ತವೆ. 15 ಕುರಿಗಳು ಒಂದೊಂದಾಗಿ ಕಣಕ್ಕಿಳಿಯುತ್ತವೆ. ಗೆರೆಗಳು ಕೂಡುವ 23 ಮನೆಗಳಲ್ಲಿ ಯಾವುದು ತುಂಬಿದೆ, ಯಾವುದು ಬರಿದಾಗಿದೆ ಎಂಬುದು ಆಡುವ ಇಬ್ಬರಿಗೆ ಮಾತ್ರವಲ್ಲದೆ, ಬೆನ್ನ ಹಿಂದೆ ನಿಂತು ಬೇಡದ ಸಲಹೆಯನ್ನು ಕೊಡುವ ಮೂರನೆಯವನಿಗೂ ಸಮನಾಗಿ ಗೋಚರಿಸುತ್ತದೆ. ಕಾಯಿಗಳ ಲೆಕ್ಕದಲ್ಲಿ ಊರೂರಿಗೆ ಅಷ್ಟಿಷ್ಟು ಪಾಠಾಂತರವುಂಟು. ಆದರೆ ಹುಲಿಯನ್ನು ಬಚ್ಚಿಟ್ಟು ಆಡುವ ಪಾಠಾಂತರವನ್ನು ನಾನು ಕಂಡಿಲ್ಲ. ಸೋತವನು ತನ್ನ ಅನವಧಾನವನ್ನಲ್ಲದೆ ಬೇರೇನನ್ನೂ ದೂರುವಂತಿಲ್ಲ.

ಅದೇ ಹುಲಿಯನ್ನು ಗೆರೆಯ ಮೇಲಿಂದ ಎತ್ತಿ ನಾಗರಹೊಳೆಯ ಕಾಡಿನಲ್ಲಿ ಬಿಟ್ಟೊಡನೆ ಆಟದ ಜಾತಿಯೇ ಬದಲಾಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೂ ಕೊಡಗಿಗೂ ಹಬ್ಬಿಕೊಂಡಿರುವ, ಸುಮಾರು 643 ಚದರ ಕಿಲೋಮೀಟರುಗಳ ಆ ಕಣದಲ್ಲಿ ಹುಲಿಯೆಂಬ ಕಾಯಿ ನಡೆಯುವುದು ಮರೆಯಲ್ಲಿ, ಬಹುಮಟ್ಟಿಗೆ ಇರುಳಿನಲ್ಲಿ. ಎದುರಾಳಿಯ ಪಾಲಿಗೆ ಉಳಿಯುವುದು ಅದು ನಡೆದುಹೋದುದರ ಕುರುಹು ಮಾತ್ರ. ಕಾಯಿಯು ಅಡಗಿ ನಡೆಯುವ, ಎದುರಾಳಿಯು ಪ್ರತ್ಯಕ್ಷವನ್ನು ಬಿಟ್ಟು ಅನುಮಾನ ಪ್ರಮಾಣವೊಂದನ್ನೇ ನಂಬಿ ಅದನ್ನು ಹಿಡಿಯಬೇಕಾದ ಇಂಥ ಆಟಗಳನ್ನು ಪಾಶ್ಚಾತ್ಯರು ಮೇಜಿನ ಮೇಲೂ ಬಹುವಿಧವಾಗಿ ಕಟ್ಟಿದ್ದಾರೆ. ಆ ಮೇಜಿನಾಟಗಳನ್ನೂ ನಮ್ಮ ಕಾಡಿನಲ್ಲಿ ಹುಲಿಯನ್ನೆಣಿಸುವ ವಿದ್ಯೆಯನ್ನೂ ಎದುರುಬದುರಾಗಿ ಇಟ್ಟು ನೋಡಿದರೆ, ಹುಲಿಗಣತಿಯು ದಶಕಗಳ ಕಾಲ ಎಡವಿದ್ದು ಎಲ್ಲಿ ಎಂಬುದು ಸ್ಫುಟವಾಗುತ್ತದೆ.

ನಮ್ಮಲ್ಲಿ ಗುಟ್ಟಿನ ಆಟವೇ ಇರಲಿಲ್ಲವೆಂದು ಹೇಳಲಾಗದು. ಮುಮ್ಮಡಿ ಕೃಷ್ಣರಾಜ ಒಡೆಯರು (ಕೃಷ್ಣರಾಜನಗರಕ್ಕೆ ಹೆಸರಾದವರು ಇವರಲ್ಲ, ನಾಲ್ವಡಿಯವರು) ಶ್ರೀತತ್ತ್ವನಿಧಿಯ ಕೌತುಕನಿಧಿಯೆಂಬ ಭಾಗವನ್ನು ಆಟಗಳಿಗೇ ಮೀಸಲಿಟ್ಟು, ಗಂಜೀಫಾ ಎಲೆಗಳ ಬಗೆಬಗೆಯ ಕ್ರಮಗಳನ್ನು ಅಲ್ಲಿ ನಿರೂಪಿಸಿದ್ದಾರೆ. 120 ಎಲೆಗಳ ದಶಾವತಾರ ಗಂಜೀಫಾದಲ್ಲಿ ಆಟಗಾರನಿಗೆ ಕಾಣುವುದು ತನ್ನ ಕೈಯ ಎಲೆ ಮಾತ್ರ. ಬಿದ್ದುಹೋದ ಎಲೆಗಳನ್ನೆಲ್ಲ ನೆನಪಿನಲ್ಲಿಟ್ಟು, ಉಳಿದುವು ಯಾರ ಕೈಯಲ್ಲಿರಬಹುದೆಂದು ಊಹಿಸುವವನೇ ಅಲ್ಲಿ ಗೆಲ್ಲುತ್ತಾನೆ. ಆದರೆ ಎಲೆಯು ಕೈಯಿಂದ ಕೈಗೆ ಕದ್ದು ಓಡುವುದಿಲ್ಲ. ಗುಟ್ಟು ಅಲ್ಲಿ ನಿಶ್ಚಲವಾದ ಗುಟ್ಟು.

ನಿಶ್ಚಲವಾದ ಗುಟ್ಟನ್ನು ಭೇದಿಸುವುದು ತರ್ಕಕ್ಕೆ ಸುಲಭಸಾಧ್ಯ. 1949ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಕ್ಲೂಡೊ ಆಟದಲ್ಲಿ 6 ಮಂದಿ ಶಂಕಿತರು, 6 ಆಯುಧಗಳು, 9 ಕೋಣೆಗಳು. ಇವನ್ನು ಗುಣಿಸಿದರೆ ಕೊಲೆಯ ಕಥೆ 324ರಲ್ಲಿ ಒಂದಾಗಿರಲೇಬೇಕು, ಮತ್ತು ಪ್ರತಿಯೊಂದು ಪ್ರಶ್ನೆಯೂ ಆ ಸಂಖ್ಯೆಯನ್ನು ಕುಗ್ಗಿಸುತ್ತ ಹೋಗುತ್ತದೆ. ಮಾಸ್ಟರ್‌ಮೈಂಡ್ ಎಂಬ ಬಣ್ಣದ ಮೊಳೆಗಳ ಆಟದಲ್ಲಿ 6 ಬಣ್ಣಗಳನ್ನು 4 ರಂಧ್ರಗಳಲ್ಲಿ ಹೂಡುವ ಬಗೆಗಳು 1296. ಅವುಗಳಲ್ಲಿ ಯಾವುದನ್ನೇ ಬಚ್ಚಿಟ್ಟಿರಲಿ, 5 ಊಹೆಗಳೊಳಗೆ ಅದನ್ನು ಪತ್ತೆಹಚ್ಚಬಹುದೆಂದು ಗಣಕವಿಜ್ಞಾನಿ ಡೊನಾಲ್ಡ್ ಕನೂತ್ 1977ರಲ್ಲಿ ಸಾಧಿಸಿ ತೋರಿಸಿದನು. ಈ ಎರಡು ಆಟಗಳಿಗೂ ಎದುರಾಳಿಯು ಸುಳ್ಳಾಡುವುದಿಲ್ಲವೆಂಬ, ಕೇಳಿದ ಪ್ರಶ್ನೆಗೆ ಉತ್ತರ ಬಂದೇ ಬರುತ್ತದೆಯೆಂಬ ನಿಯಮವೇ ಆಧಾರ.

ಗುಟ್ಟಿಗೆ ಕಾಲು ಬಂದಾಗ ಕಷ್ಟವು ಇಮ್ಮಡಿಯಾಗುತ್ತದೆ. ಈ ಜಾತಿಯಲ್ಲಿ ನನ್ನ ಮೆಚ್ಚಿಗೆ ಸಲ್ಲುವುದು 1983ರಲ್ಲಿ ಜರ್ಮನಿಯಲ್ಲಿ ಪ್ರಕಟವಾಗಿ, ಅದೇ ವರ್ಷ ಆ ದೇಶದ ವರ್ಷದ ಆಟವೆಂಬ ಪ್ರಶಸ್ತಿಯನ್ನೂ ಪಡೆದ ಸ್ಕಾಟ್ಲೆಂಡ್ ಯಾರ್ಡ್ ಆಟಕ್ಕೆ. ಲಂಡನ್ ನಗರದ ನಕ್ಷೆಯ ಮೇಲೆ ಸುಮಾರು 200 ತಾಣಗಳು. ಅವುಗಳ ನಡುವೆ ಟ್ಯಾಕ್ಸಿ, ಬಸ್ಸು, ಸುರಂಗರೈಲುಗಳ ದಾರಿಗಳು. ಮಿಸ್ಟರ್ ಎಕ್ಸ್ ಎಂಬ ತಲೆತಪ್ಪಿಸಿಕೊಂಡವನು ತಾನಿರುವ ತಾಣವನ್ನು ಗುಟ್ಟಾಗಿ ಬರೆದಿಟ್ಟು, ಯಾವ ವಾಹನವನ್ನೇರಿದೆನೆಂಬುದಕ್ಕೆ ಟಿಕೆಟ್ಟನ್ನು ಮಾತ್ರ ಪತ್ತೇದಾರರ ಮುಂದಿಡುತ್ತಾನೆ. 3, 8, 13, 18, 24ನೆಯ ನಡೆಗಳಲ್ಲಿ ಮಾತ್ರ ಅವನು ಮುಖ ತೋರಿಸತಕ್ಕದ್ದು. ಮೂರನೆಯ ನಡೆಯಲ್ಲಿ ಅವನು ಒಂದೆಡೆ ಕಂಡನೆಂದಿಟ್ಟುಕೊಳ್ಳಿ. ಮುಂದೆ ಅವನು ಟ್ಯಾಕ್ಸಿಯ ಟಿಕೆಟ್ ಇಟ್ಟರೆ ನಾಲ್ಕೈದು ತಾಣಗಳಲ್ಲಿ ಎಲ್ಲಿಯಾದರೂ ಇರಬಹುದು. ಮತ್ತೆ ಟ್ಯಾಕ್ಸಿಯಾದರೆ ಆ ಪಟ್ಟಿ ಹತ್ತು ಹನ್ನೆರಡಕ್ಕೆ ಏರುತ್ತದೆ. ಆಮೇಲೆ ಅವನು ಸುರಂಗರೈಲಿನ ಟಿಕೆಟ್ಟನ್ನು ತೋರಿಸಿದನೆಂದರೆ, ಆ ನಿಲ್ದಾಣಗಳು ನಕ್ಷೆಯಲ್ಲಿ ವಿರಳವಾದುದರಿಂದ, ಉಬ್ಬಿದ ಪಟ್ಟಿಯು ಒಮ್ಮೆಗೇ ಬತ್ತಿ ಒಂದೋ ಎರಡೋ ತಾಣಗಳಿಗೆ ಇಳಿಯುತ್ತದೆ. ನುರಿತ ಪತ್ತೇದಾರನು ಕಳ್ಳನೆಲ್ಲಿದ್ದಾನೆಂದು ಯೋಚಿಸುವುದೇ ಇಲ್ಲ. ಎಲ್ಲೆಲ್ಲಿ ಇರಲಾರನೆಂಬುದನ್ನು ಹೊಡೆದುಹಾಕುತ್ತ ಸಾಗುತ್ತಾನೆ. ಅತ್ತ ಕಳ್ಳನೂ ದಡ್ಡನಲ್ಲ: ವಾಹನದ ಹೆಸರನ್ನೇ ಮರೆಮಾಚುವ ಕೆಲವು ಕಪ್ಪು ಟಿಕೆಟ್ಟುಗಳು ಅವನಲ್ಲಿರುತ್ತವೆ.

ಡ್ರಾಕುಲಾ ಪಿಶಾಚಿಯನ್ನು ಯೂರೋಪಿನ ಉದ್ದಗಲಕ್ಕೆ ಬೇಟೆಯಾಡುವ, 1987ರಲ್ಲಿ ಮೊದಲು ಬಂದ ಫ್ಯೂರಿ ಆಫ್ ಡ್ರಾಕುಲಾ ಎಂಬ ಆಟದ ಈಚಿನ ರೂಪಗಳಲ್ಲಿ, ಅವನು ಕಾಲಿಟ್ಟ ಊರುಗಳ ಎಲೆಗಳು ಸಾಲಾಗಿ ಬೋರಲು ಬಿದ್ದಿದ್ದು, ಹಳೆಯವು ಒಂದೊಂದಾಗಿ ಅಳಿಸಿಹೋಗುತ್ತವೆ. ಬೇಟೆಗಾರನು ಆ ಜಾಡನ್ನು ಮೆಟ್ಟಿದರೆ ಮಾತ್ರ ಎಲೆ ಮಗುಚಿಕೊಳ್ಳುತ್ತದೆ. ಕಾಡಿಗೆ ಇದು ಹೆಚ್ಚು ಹತ್ತಿರ. ಕುರುಹಿಗೂ ಆಯುಸ್ಸುಂಟೆಂಬುದನ್ನು ಇದನ್ನು ಕಟ್ಟಿದವರು ಬಲ್ಲರು.

ಇನ್ನು ಕಾಡಿನ ಮಾತು. ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಹಾಡಿಗಳ ಜೇನುಕುರುಬರಲ್ಲಿ ಜಾಡು ಹಿಡಿಯಬಲ್ಲವರು ದೂಳಿನಲ್ಲಿ ಮೂಡಿದ ಹೆಜ್ಜೆಯ ಅಂಚು ಕುಸಿದಿದೆಯೇ, ಅದರ ಮೇಲೆ ಇಬ್ಬನಿಯ ಹನಿ ಬಿದ್ದ ಚುಕ್ಕೆಯಿದೆಯೇ, ಇರುವೆ ಹರಿದ ಗೆರೆಯಿದೆಯೇ ಎಂದು ಬಗ್ಗಿ ನೋಡಿ, ಹುಲಿ ಹಾದುಹೋದುದು ಬೆಳಗಿನ ಜಾವವೋ ಹಿಂದಿನ ಸಂಜೆಯೋ ಎಂದು ನಿರ್ಣಯಿಸುವುದುಂಟು. ಕಿವಿಯೂ ಅಷ್ಟೇ ಕೆಲಸ ಮಾಡುತ್ತದೆ. ಮರದ ಮೇಲಿನ ಮುಸುವವು ಕೆಮ್ಮುತ್ತದೆ, ಜಿಂಕೆಯು ಕೀರಲುದನಿಯಲ್ಲಿ ಎಚ್ಚರಿಸುತ್ತದೆ. ಜಿಂಕೆಯ ಕೂಗು ಸುಳ್ಳಾಗುವುದುಂಟು, ಕಾಡುಕುರಿಯಂತೂ ಕಂಡದ್ದಕ್ಕೆಲ್ಲ ಬೊಗಳುತ್ತದೆ, ಆದರೆ ಹಡ್ಲಿನ, ಎಂದರೆ ಕಾಡಿನ ನಡುವಣ ಜೌಗು ಹುಲ್ಲುಬಯಲಿನ, ಅಂಚಿನಲ್ಲಿ ನಿಂತ ಕಡವೆಯು ಬಾಲವೆತ್ತಿ, ನೆಲವನ್ನು ಗೊರಸಿನಿಂದ ಗುದ್ದಿ, ಬಿಡದೆ ಕೂಗಿತೆಂದರೆ ಅನುಭವಿಗಳು ಅದನ್ನು ಸುಲಭವಾಗಿ ತಳ್ಳಿಹಾಕರು. ಸಾಕ್ಷಿಗಳಲ್ಲಿ ಯಾರ ಮಾತಿಗೆ ಎಷ್ಟು ತೂಕವೆಂದು ಅರಿತಿರುವುದೇ ಇಲ್ಲಿ ಅರ್ಧ ಪಾಂಡಿತ್ಯ.

ಈ ಪಾಂಡಿತ್ಯವು ಒಂದು ಹುಲಿಯನ್ನು ಹಿಂಬಾಲಿಸುವುದಕ್ಕೆ ಸಾಲುತ್ತಿತ್ತು. ಇಡೀ ಕಾಡಿನ ಹುಲಿಗಳನ್ನು ಎಣಿಸುವುದಕ್ಕೆ ಅದನ್ನು ಹೂಡಿದಾಗ ತೊಡಕು ತಲೆದೋರಿತು. 1960ರ ದಶಕದಲ್ಲಿ ಒಡಿಶಾದ ಅರಣ್ಯಾಧಿಕಾರಿ ಎಸ್. ಆರ್. ಚೌಧುರಿಯವರು ರೂಪಿಸಿದ ಕ್ರಮದಂತೆ, ಹೆಜ್ಜೆಯ ಮೇಲೆ ಗಾಜಿನ ಫಲಕವನ್ನಿಟ್ಟು ಅಚ್ಚನ್ನು ಬರೆದುಕೊಂಡು, ಅಚ್ಚುಗಳನ್ನು ಹೋಲಿಸಿ, ಪ್ರತಿಯೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ ಕೂಡಿಸುವುದು ದೇಶದಾದ್ಯಂತ ರೂಢಿಗೆ ಬಂದಿತು. 1972ರಲ್ಲಿ ಹೀಗೆ ದೊರೆತ ಮೊತ್ತ 1827. ಆ ಕ್ರಮವು ಹುಲಿಯನ್ನು ಮಾಸ್ಟರ್‌ಮೈಂಡ್ ಆಟದ ಎದುರಾಳಿಯೆಂದು ಭಾವಿಸಿತ್ತು. ಕಾಡಿನಲ್ಲಿರುವ ಹುಲಿಗಳೆಲ್ಲ ಹೆಜ್ಜೆಯನ್ನು ಬಿಟ್ಟೇ ಬಿಡುತ್ತವೆ, ಆ ಹೆಜ್ಜೆಗಳೆಲ್ಲ ನಮ್ಮ ಕಣ್ಣಿಗೆ ಬಿದ್ದೇ ಬೀಳುತ್ತವೆ, ಬಿದ್ದುದನ್ನು ನಾವು ತಪ್ಪದೆ ಓದುತ್ತೇವೆ ಎಂಬ ಮೂರು ನಂಬಿಕೆಗಳ ಮೇಲೆ ಅದು ನಿಂತಿತ್ತು, ಮೂರೂ ಹುಸಿ. ಒಂದೇ ಹುಲಿಯ ಪಾದವು ಒಣದೂಳಿನಲ್ಲಿ ಒಂದು ಬಗೆ, ಹಸಿಮಣ್ಣಿನಲ್ಲಿ ಮತ್ತೊಂದು ಬಗೆ, ಇಳಿಜಾರಿನಲ್ಲಿ ಇನ್ನೊಂದು ಬಗೆಯಾಗಿ ಮೂಡುತ್ತದೆ. ಕಲ್ಲುನೆಲದಲ್ಲಿ ಮೂಡುವುದೇ ಇಲ್ಲ. ಈ ಕ್ರಮದ ಬೆಲೆ ರಾಜಸ್ಥಾನದ ಸರಿಸ್ಕಾದಲ್ಲಿ ಹೊರಬಿದ್ದಿತು: ಕಾಗದದ ಮೇಲೆ ಹುಲಿಗಳು ಬದುಕಿದ್ದ ಆ ಕಾಡಿನಲ್ಲಿ 2005ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಬೇರೊಂದು ದಾರಿಯು ತೆರೆದುದು ನಾಗರಹೊಳೆಯಲ್ಲಿಯೇ ಎಂಬುದು ಈ ಸೀಮೆಯವರು ಅಭಿಮಾನಪಡತಕ್ಕ ವಿಷಯ. ಶಿವರಾಮ ಕಾರಂತರ ಮಗ, ಓದಿನಿಂದ ಇಂಜಿನಿಯರಾಗಿದ್ದು ತರುವಾಯ ವನ್ಯಜೀವಿವಿಜ್ಞಾನಕ್ಕೆ ತಿರುಗಿದ ಕೆ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ಇಲ್ಲಿಯ ಕಾಡುದಾರಿಗಳ ಇಕ್ಕೆಲಗಳಲ್ಲಿ ಕ್ಯಾಮರಾ ಟ್ರ್ಯಾಪುಗಳನ್ನು ಹೂಡಿದರು. ಯಂತ್ರವು ಸರಳವಾದುದೇ: ಮನುಷ್ಯನ ಮೊಣಕಾಲಿನೆತ್ತರಕ್ಕೆ ಮರದ ಬೊಡ್ಡೆಗೆ ಬಿಗಿದ ಪೆಟ್ಟಿಗೆ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಪ್ರಾಣಿಯು ಕಡಿದೊಡನೆ, ಈಚಿನ ಯಂತ್ರಗಳಲ್ಲಾದರೆ ಅದರ ಮೈಶಾಖವು ಸಂವೇದಕದ ಎದುರು ಚಲಿಸಿದೊಡನೆ, ಚಿತ್ರವು ಬೀಳುತ್ತದೆ. ದಾರಿಯ ಎರಡು ಮಗ್ಗುಲಲ್ಲಿಯೂ ಒಂದೊಂದು ಇರುವುದಕ್ಕೆ ಕಾರಣವುಂಟು. ಹುಲಿಯ ಪಟ್ಟೆಗಳು ನಮ್ಮ ಬೆರಳಚ್ಚಿನಂತೆ ಒಂದರದು ಒಂದಕ್ಕಿಲ್ಲ. ಒಂದೇ ಹುಲಿಯ ಎಡಮಗ್ಗುಲ ಪಟ್ಟೆಗೂ ಬಲಮಗ್ಗುಲ ಪಟ್ಟೆಗೂ ಹೋಲಿಕೆಯಿಲ್ಲ. ಒಂದೇ ಕಡೆಯಿಂದ ತೆಗೆದ ಚಿತ್ರಗಳಿದ್ದರೆ ಒಂದು ಹುಲಿಯನ್ನು ಎರಡೆಂದೆಣಿಸುವ ಪ್ರಮಾದಕ್ಕೆ ಎಡೆಯಾಗುತ್ತದೆ.

ಆದರೆ ಕ್ಯಾಮರಾಕ್ಕಿಂತ ಮಿಗಿಲಾದುದು ಅದರ ಹಿಂದಣ ಲೆಕ್ಕ. ಕ್ಯಾಮರಾದ ಮುಂದೆ ಸುಳಿಯದ ಹುಲಿಗಳೂ ಇದ್ದೇ ಇರುತ್ತವೆಂಬುದನ್ನು ಮೊದಲೇ ಒಪ್ಪಿಕೊಂಡು, ನಾವು ಎಷ್ಟನ್ನು ಕಾಣದೆ ಹೋದೆವೆಂಬುದನ್ನು ಕಂಡವುಗಳಿಂದಲೇ ಕೇಳಿ ತಿಳಿಯುವ ಲೆಕ್ಕವದು. ಮೊದಲ ಸುತ್ತಿನಲ್ಲಿ 20 ಹುಲಿಗಳ ಚಿತ್ರ ದೊರೆಯಿತೆನ್ನೋಣ. ಎರಡನೆಯ ಸುತ್ತಿನಲ್ಲಿ ದೊರೆತ 18ರಲ್ಲಿ 12 ಮೊದಲೇ ಕಂಡವು. ಹದಿನೆಂಟರಲ್ಲಿ ಹನ್ನೆರಡೆಂದರೆ ಮೂರರಲ್ಲಿ ಎರಡು ಪಾಲು. ಅಂದಮೇಲೆ ಮೊದಲ ಸುತ್ತಿನ ಇಪ್ಪತ್ತೂ ಒಟ್ಟಿನ ಮೂರರಲ್ಲಿ ಎರಡು ಪಾಲಾಗಿರಬೇಕು. ಒಟ್ಟು ಸುಮಾರು 30. ಡೆನ್ಮಾರ್ಕಿನ ಪೀಟರ್ಸನ್ 19ನೆಯ ಶತಮಾನದ ಕೊನೆಯಲ್ಲಿ ಮೀನುಗಳಿಗೆ ಗುರುತು ಕಟ್ಟಿ ಬಿಟ್ಟು ಮತ್ತೆ ಹಿಡಿದು ಬಳಸಿದ ಯುಕ್ತಿಯೇ ಇದರ ಬೀಜ. ಹುಲಿಗೆ ಗುರುತು ಕಟ್ಟುವ ಸಾಹಸವೇ ಬೇಡ, ಪ್ರಕೃತಿಯೇ ಕಟ್ಟಿಕೊಟ್ಟಿದೆ. ನಿಜವಾದ ಲೆಕ್ಕ ಇಷ್ಟು ಸಲೀಸಲ್ಲ: ಕೆಲವು ಹುಲಿಗಳು ಕ್ಯಾಮರಾಕ್ಕೆ ಹೆಚ್ಚು ಸಿಕ್ಕುತ್ತವೆ, ಕೆಲವು ಕಡಿಮೆ, ಎಣಿಕೆಯ ಅವಧಿಯು ಹಿಗ್ಗಿದರೆ ಹುಟ್ಟುಸಾವು, ವಲಸೆಗಳು ನಡುವೆ ನುಸುಳುತ್ತವೆ. ಇವನ್ನೆಲ್ಲ ಸರಿತೂಗಿಸಿದ ವಿಧಾನವನ್ನು ಕಾರಂತರು 1995ರಲ್ಲಿ ಪ್ರಕಟಿಸಿ, 1998ರಲ್ಲಿ ಅಮೆರಿಕದ ಜೇಮ್ಸ್ ನಿಕೋಲ್ಸ್ ಅವರೊಡಗೂಡಿ ವಿಸ್ತರಿಸಿದರು. 2006ರ ರಾಷ್ಟ್ರೀಯ ಗಣತಿಯು ಹೆಜ್ಜೆಯೆಣಿಕೆಯನ್ನು ಬಿಟ್ಟು ಕ್ಯಾಮರಾದ ಲೆಕ್ಕವನ್ನು ಆಧಾರವಾಗಿಟ್ಟುಕೊಂಡಾಗ ಬಂದ ಮೊತ್ತ 1411. ಕೇಳಿದವರು ಬೆಚ್ಚಿದರು, ಆದರೆ ಹಳೆಯ ದೊಡ್ಡ ಸಂಖ್ಯೆಗಳಿಗಿಂತ ಆ ಚಿಕ್ಕ ಸಂಖ್ಯೆಯೇ ಗೌರವಾರ್ಹವೆಂದು ನನ್ನ ಮತ.

ಮೇಜಿನ ಕಳ್ಳನಿಗೂ ಕಾಡಿನ ಹುಲಿಗೂ ಇರುವ ಅಂತರ ಇದು. ಮಿಸ್ಟರ್ ಎಕ್ಸ್ ನಿಯಮಕ್ಕೆ ಕಟ್ಟುಬಿದ್ದು ಎಂಟನೆಯ ನಡೆಯಲ್ಲಿ ಮುಖ ತೋರಿಸಲೇಬೇಕು. ಹುಲಿಗೆ ಅಂಥ ಕಟ್ಟುಪಾಡಿಲ್ಲ. ಇಂದು ಕಬಿನಿಯ ಹಿನ್ನೀರಿನ ದಂಡೆಯಲ್ಲಿ ಕಂಡ ಹುಲಿಯು ಮುಂದೆ ಎಲ್ಲಿ ಮುಖ ತೋರಿಸೀತೆಂದು ಯಾರೂ ಕರಾರು ಬರೆದುಕೊಟ್ಟಿಲ್ಲ. ಬಂಡೀಪುರದಲ್ಲಿ 2010ರಲ್ಲಿ ಕ್ಯಾಮರಾಕ್ಕೆ ಸಿಕ್ಕಿದ್ದ ಗಂಡುಹುಲಿಯೊಂದು ಮರುವರ್ಷ ಸುಮಾರು 280 ಕಿಲೋಮೀಟರು ದೂರದ ಶಿಕಾರಿಪುರದ ಕಡೆ ಸಿಕ್ಕಿಬಿದ್ದಾಗ, ಅದೇ ಇದೆಂದು ತಿಳಿದದ್ದು ಹಳೆಯ ಚಿತ್ರದ ಪಟ್ಟೆಗಳಿಂದ. ಈಗ ಪಟ್ಟೆಗಳನ್ನು ತಾಳೆನೋಡುವುದಕ್ಕೆ ಗಣಕಯಂತ್ರದ ತಂತ್ರಾಂಶಗಳೂ ಇವೆ. ಕಳ್ಳಬೇಟೆಗಾರರಿಂದ ವಶವಾದ ಚರ್ಮವು ಯಾವ ಕಾಡಿನ ಹುಲಿಯದೆಂಬುದನ್ನೂ ಅವುಗಳ ನೆರವಿನಿಂದ ಹೇಳಬಹುದಾಗಿದೆ.

ಕಾಡಂಚಿನ ಹೊಲಗಳಲ್ಲಿ ಹಸುವೋ ಕರುವೋ ಹುಲಿಯ ಬಾಯಿಗೆ ಬಿದ್ದಾಗ ಈ ವಿದ್ಯೆಯು ಊರಿನವರೆಗೂ ಬರುತ್ತದೆ. ಹಿಡಿಯುವ ಮೊದಲು ಕೊಂದದ್ದು ಯಾವ ಹುಲಿಯೆಂದು ತಿಳಿಯಬೇಕು. ಇಲ್ಲವಾದರೆ ನಿರಪರಾಧಿಯು ಬೋನು ಸೇರಿ, ಅಪರಾಧಿಯು ಹೊಲದಲ್ಲಿಯೇ ಉಳಿದೀತು. ಅದಕ್ಕಾಗಿ ಬೇಲಿಯ ಬಳಿ ಕ್ಯಾಮರಾಗಳು ಬರುತ್ತವೆ, ಸಾಕಾನೆಗಳು ಕೂಂಬಿಂಗಿಗೆ ಬರುತ್ತವೆ; ಅವುಗಳಿಗಿಂತಲೂ ಮುಂಚಿತವಾಗಿ, ದುರದೃಷ್ಟವಶಾತ್, ಜನಜಂಗುಳಿಯು ಬಂದು ಇದ್ದ ಒಂದೆರಡು ಹೆಜ್ಜೆಗುರುತನ್ನೂ ತುಳಿದು ಅಳಿಸಿಬಿಡುತ್ತದೆ, ಮೊಬೈಲಿನಲ್ಲಿ ಚಿತ್ರ ತೆಗೆಯುವವರು ಪೊದೆಯವರೆಗೂ ನುಗ್ಗುತ್ತಾರೆ. ಆದುದರಿಂದ ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ರೈತ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಹೊಲದಲ್ಲಿ ಹುಲಿಯ ಹೆಜ್ಜೆ ಕಂಡರೆ ಒಂದು ಮಂಕರಿಯನ್ನು ಅದರ ಮೇಲೆ ಬೋರಲು ಹಾಕಿ, ಮಕ್ಕಳನ್ನೂ ದನಗಳನ್ನೂ ಅತ್ತ ಬಿಡದೆ, ಜಾಡು ಹಿಡಿದು ತಾವೇ ಹೋಗದೆ, ಊರಿನ ವಾಚರಿಗಾಗಲಿ ಅರಣ್ಯ ಇಲಾಖೆಯ 1926 ಸಹಾಯವಾಣಿಗಾಗಲಿ ಒಡನೆಯೇ ತಿಳಿಸಿರಿ.