'ಮನೆ' ಓದುವ ವಿಂಡೋಸ್ 'ಕನ್ನಡ'ಕ್ಕೆ ಯಾಕೆ ಎರರ್ ಕೊಡುತ್ತೆ?

ಕನ್ನಡ ಇರೋ ಟೆಕ್ಸ್ಟ್ ಫೈಲನ್ನ ಪೈಥಾನ್‌ನಲ್ಲಿ ಓಪನ್ ಮಾಡಿ ಪ್ರಿಂಟ್ ಮಾಡ್ತೀರಿ. ಲಿನಕ್ಸ್, ಮ್ಯಾಕ್ ಎರಡರಲ್ಲೂ ಸರಿಯಾಗಿ ಬರುತ್ತೆ. ಅದೇ ಕೋಡ್, ಅದೇ ಫೈಲ್ ವಿಂಡೋಸ್‌ಗೆ ಹೋದ ತಕ್ಷಣ ಏನೇನೋ ಚಿಹ್ನೆಗಳು ಬರುತ್ತವೆ, ಇಲ್ಲಾಂದ್ರೆ ಯೂನಿಕೋಡ್ ಡಿಕೋಡ್ ಎರರ್ ಬರುತ್ತೆ. ಫಾಂಟ್ ಹುಡುಕಬೇಡಿ, ಸಮಸ್ಯೆ ಅಲ್ಲಿಲ್ಲ.

ಫೈಲ್‌ನಲ್ಲಿ ಇರೋದು ಅಕ್ಷರ ಅಲ್ಲ, ಬೈಟ್‌ಗಳು. ಯುಟಿಎಫ್-8ರಲ್ಲಿ 'ಕ' ಅಂದ್ರೆ 224, 178, 149. ಇವನ್ನ ಯಾವ ಎನ್‌ಕೋಡಿಂಗ್‌ನಲ್ಲಿ ಓದಬೇಕು ಅಂತ ನಾವು ಹೇಳದಿದ್ದರೆ, 3.14ರವರೆಗಿನ ಪೈಥಾನ್ ಆಪರೇಟಿಂಗ್ ಸಿಸ್ಟಮ್‌ನ ಡೀಫಾಲ್ಟ್ ತಗೊಳ್ಳುತ್ತೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8. ಇಂಗ್ಲಿಷ್ ಸೆಟ್ಟಿಂಗ್ ಇರೋ ವಿಂಡೋಸ್‌ನಲ್ಲಿ ಹಳೇ 1252 ಕೋಡ್ ಪೇಜ್. ಅಲ್ಲಿ ಒಂದು ಬೈಟ್‌ಗೆ ಒಂದು ಅಕ್ಷರ. ಹಾಗಾಗಿ ಒಂದೇ 'ಕ' ಮೂರು ಚಿಹ್ನೆಗಳಾಗಿ ಒಡೆಯುತ್ತೆ.

ಮತ್ತೆ ಎರರ್ ಯಾಕೆ? 1252ರಲ್ಲಿ 129, 141, 143, 144, 157 ಈ ಐದು ಜಾಗಗಳು ಖಾಲಿ. ಒತ್ತಕ್ಷರಕ್ಕೆ ಬೇಕಾದ ಹಲಂತದ ಕೊನೇ ಬೈಟ್ 141. ಕೊಂಬಿನ ಕೊನೇ ಬೈಟ್ 129. 'ಮನೆ'ಯಲ್ಲಿ ಎರಡೂ ಇಲ್ಲ, ಅದು ಕೆಟ್ಟರೂ ಸದ್ದಿಲ್ಲದೆ ಪಾಸ್ ಆಗುತ್ತೆ. 'ಕನ್ನಡ'ದಲ್ಲಿ ಹಲಂತ ಇದೆ, ಅಲ್ಲೇ ನಿಲ್ಲುತ್ತೆ. ಅಂದ್ರೆ ಎರರ್ ಬಂದಿಲ್ಲ ಅಂದ ಮಾತ್ರಕ್ಕೆ ಡೇಟಾ ಸರಿ ಇದೆ ಅಂತಲ್ಲ.

ಇಲ್ಲಿ ಎರಡು ಕಡೆ ಹುಷಾರಾಗಿರಿ. ಎರರ್ ಹೋಗಲಿ ಅಂತ 'ಇಗ್ನೋರ್' ಆಪ್ಶನ್ ಹಾಕಿದರೆ ಆ ಬೈಟ್‌ಗಳೇ ಬಿದ್ದುಹೋಗುತ್ತವೆ. ಅದನ್ನ ಮೂಲ ಫೈಲ್ ಮೇಲೇ ಸೇವ್ ಮಾಡಿದರೆ ಹಲಂತ, ಕೊಂಬು ವಾಪಸ್ ಬರಲ್ಲ. ಎರಡನೇದು, ರೈಟ್ ಮೋಡ್ ಫೈಲನ್ನ ಮೊದಲು ಖಾಲಿ ಮಾಡುತ್ತೆ, ಆಮೇಲೆ ಬರೆಯುತ್ತೆ. 1252ರಲ್ಲಿ ಕನ್ನಡ ಅಕ್ಷರಗಳೇ ಇಲ್ಲದ ಕಾರಣ ಬರೆಯುವಾಗ ಎರರ್ ಬರುತ್ತೆ. ಅಷ್ಟರಲ್ಲಿ ಹಳೇ ಡೇಟಾ ಹೋಗಿರುತ್ತೆ.

ಪರಿಹಾರ ಚಿಕ್ಕದು. ಓದುವಾಗಲೂ ಬರೆಯುವಾಗಲೂ ಓಪನ್ ಫಂಕ್ಷನ್‌ಗೆ ಎನ್‌ಕೋಡಿಂಗ್ ಯುಟಿಎಫ್-8 ಅಂತ ನೀವೇ ಕೊಡಿ. ಬೇರೆಯವರ ಕೋಡ್ ಮುಟ್ಟೋಕೆ ಆಗದಿದ್ದರೆ 'ಪೈಥಾನ್‌ಯುಟಿಎಫ್8' ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 1 ಕೊಡಿ, ಈ ಮೋಡ್ 3.7ರಿಂದ ಇದೆ. ಎರರ್ ಇಲ್ಲದೆ ಬರೀ ಚಿಹ್ನೆಗಳಾಗಿರೋ ಪದವನ್ನ 1252ಕ್ಕೆ ಎನ್‌ಕೋಡ್ ಮಾಡಿ, ಯುಟಿಎಫ್-8ರಲ್ಲಿ ಡಿಕೋಡ್ ಮಾಡಿದರೆ ವಾಪಸ್ ಸಿಗುತ್ತೆ.

ಪ್ರಾಜೆಕ್ಟ್ ಸಬ್ಮಿಟ್ ಮಾಡೋ ಮುಂಚೆ ಟೆಸ್ಟ್ ಫೈಲ್‌ನಲ್ಲಿ ಒತ್ತಕ್ಷರ, ಕೊಂಬು ಇರೋ ಪದಗಳನ್ನ ಹಾಕಿ, ವಿಂಡೋಸ್‌ನಲ್ಲಿ ಒಮ್ಮೆ ರನ್ ಮಾಡಿ. 'ಕನ್ನಡ', 'ಗುರು' ಎರಡು ಪದ ಸಾಕು.