ಗಣಕಯಂತ್ರ ಸಂಘಗಳ ಬಾಳುವೆ

ನಮ್ಮ ಊರುಗಳಲ್ಲಿ ಸಂಘಗಳಿಗೇನೂ ಕೊರತೆಯಿಲ್ಲ. ಭಜನೆಗೊಂದು ಮಂಡಳಿ, ನಾಟಕಕ್ಕೊಂದು ಬಳಗ, ಹೆಂಗಸರಿಗೊಂದು ಸಮಾಜ, ಓದುವವರಿಗೊಂದು ವಾಚನಾಲಯ, ಹೀಗೆ ನಾಲ್ವರು ಕೂಡಿದ ಕಡೆಯಲ್ಲೆಲ್ಲ ಒಂದು ಸಂಘವು ಹುಟ್ಟಿಕೊಳ್ಳುವುದು. ಆದರೆ ಇಂದು ಅನೇಕ ಮನೆಗಳನ್ನು ಹೊಕ್ಕಿರುವ ಗಣಕಯಂತ್ರದ ವಿಷಯದಲ್ಲಿಯೂ, ಅದರ ಕಿರಿಯ ಸೋದರನಂತೆ ಕೈಕೈಯಲ್ಲಿಯೂ ಕಾಣುವ ಮೊಬೈಲ್ ಫೋನಿನ ವಿಷಯದಲ್ಲಿಯೂ ನೆರೆಹೊರೆಯವರು ಕೂಡಿ ವಿಚಾರಿಸುವ ಸಂಘಗಳು ಬಹು ವಿರಳ. ಅಮೆರಿಕದಲ್ಲಿ ಅಂತಹ ಸಂಘಗಳು ಒಂದು ಕಾಲಕ್ಕೆ ಹೇರಳವಾಗಿದ್ದವು. ಅವು ಹೇಗೆ ಹುಟ್ಟಿದವು, ಏಕೆ ಸೊರಗಿದವು, ಅವುಗಳ ಅನುಭವದಿಂದ ನಮ್ಮ ಮನೆಗಳಿಗೆ ಆಗಬಹುದಾದ ಪ್ರಯೋಜನವೇನು ಎಂಬುದನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

1975ನೆಯ ಇಸವಿಯ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಎಂಬ ಅಮೆರಿಕದ ಮಾಸಪತ್ರಿಕೆಯ ಮುಖಪುಟದಲ್ಲಿ ‘ಆಲ್ಟೇರ್ 8800’ ಎಂಬ ಯಂತ್ರದ ಚಿತ್ರವು ಪ್ರಕಟವಾಯಿತು. ಅದುವರೆಗೆ ಗಣಕಯಂತ್ರವೆಂದರೆ ಸರಕಾರ, ವಿಶ್ವವಿದ್ಯಾಲಯ, ದೊಡ್ಡ ಕಂಪನಿ ಇವುಗಳ ಸ್ವತ್ತು. ಇದಾದರೋ ಗೃಹಸ್ಥನೂ ಕೊಳ್ಳಬಹುದಾದ ಬೆಲೆಯದು. ಆದರೆ ಕಡಮೆ ಬೆಲೆಗೆ ತರಿಸಿಕೊಂಡವನ ಮನೆಗೆ ಬರುತ್ತಿದ್ದುದು ಬಿಡಿಭಾಗಗಳ ಪೆಟ್ಟಿಗೆ. ಅವನ್ನು ಬೆಸುಗೆ ಹಾಕಿ ತಾನೇ ಜೋಡಿಸಬೇಕು. ಜೋಡಿಸಿದ ಮೇಲೂ ಅದಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಒತ್ತಿ ಆಜ್ಞೆಯನ್ನು ಕೊಡಬೇಕು. ಮಿನುಗುವ ಸಣ್ಣ ದೀಪಗಳನ್ನು ನೋಡಿ ಉತ್ತರವನ್ನು ತಿಳಿಯಬೇಕು. ಒಬ್ಬನೇ ಕುಳಿತು ಮುಗಿಸುವುದು ಕಷ್ಟವಾದ ಈ ಕೆಲಸವೇ ಅವರನ್ನು ಒಂದೆಡೆಗೆ ಸೇರಿಸಿತು.

ಅದೇ ವರ್ಷ ಮಾರ್ಚಿ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ, ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ, ಸುಮಾರು ಮೂವತ್ತು ಮಂದಿ ನೆರೆದರು. ಫ್ರೆಡ್ ಮೂರ್ ಎಂಬವರು ಫ್ರೆಂಚರೊಡನೆ ಕೂಡಿ ಕರೆದ ಆ ಸಭೆಯೇ ಮುಂದೆ ‘ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್’ ಎಂದು ಹೆಸರಾಯಿತು. ಅಲ್ಲಿಯ ಸಭೆಗಳನ್ನು ಬಹುಕಾಲ ನಡೆಯಿಸಿದ ಲೀ ಫೆಲ್ಸೆನ್‌ಸ್ಟೀನರ ಕ್ರಮವು ಗಮನಾರ್ಹವಾದುದು. ಮೊದಲ ಭಾಗದಲ್ಲಿ ಪ್ರತಿಯೊಬ್ಬನೂ ಎದ್ದು ನಿಂತು, ತನ್ನಲ್ಲಿ ಏನಿದೆ, ತನಗೆ ಏನು ಬೇಕು ಎಂಬುದನ್ನು ಎಲ್ಲರಿಗೂ ಕೇಳುವಂತೆ ಹೇಳಬಹುದಾಗಿತ್ತು. ಎರಡನೆಯ ಭಾಗದಲ್ಲಿ ಬೇಕಾದವರು ಬೇಕಾದವರನ್ನು ಹುಡುಕಿಕೊಂಡು ಹೋಗಿ ಮಾತನಾಡುವರು. ಭಾಷಣಕ್ಕಿಂತ ಈ ಕೊಡುಕೊಳ್ಳುವಿಕೆಯೇ ಆ ಸಂಘದ ಪ್ರಾಣವಾಗಿದ್ದಿತು. ಸ್ಟೀವ್ ವೋಜ್ನಿಯಾಕರು ತಮ್ಮ ಮೊದಲ ಆಪಲ್ ಯಂತ್ರದ ನಕ್ಷೆಗಳನ್ನು ಹಂಚಿದುದು ಈ ಸಂಘದಲ್ಲಿಯೇ.

ಹಂಚಿಕೆಗೂ ಒಂದು ಮೇರೆಯಿರಬೇಕೆಂಬ ವಿವಾದವೂ ಅಲ್ಲಿಂದಲೇ ಎದ್ದಿತು. ಆಲ್ಟೇರಿಗಾಗಿ ಬರೆದಿದ್ದ ಬೇಸಿಕ್ ತಂತ್ರಾಂಶವನ್ನು ಹವ್ಯಾಸಿಗಳು ಹಣ ಕೊಡದೆ ನಕಲು ಮಾಡಿಕೊಳ್ಳುತ್ತಿರುವರೆಂದು ಬಿಲ್ ಗೇಟ್ಸರು 1976ರ ಫೆಬ್ರವರಿಯಲ್ಲಿ ಬಹಿರಂಗ ಪತ್ರವನ್ನು ಬರೆದರು. ತನ್ನದನ್ನು ಹಂಚುವುದು ಔದಾರ್ಯ. ಪರರ ದುಡಿಮೆಯನ್ನು ಅವರ ಒಪ್ಪಿಗೆಯಿಲ್ಲದೆ ಹಂಚುವುದು ಬೇರೆ ಮಾತು. ಸಂಘವನ್ನು ನಡೆಯಿಸುವವರು ಈ ಭೇದವನ್ನು ಮರೆಯಲಾಗದು.

ಇನ್ನೊಂದು ಉದಾಹರಣೆ ಬಾಸ್ಟನ್ ನಗರದ್ದು. 1977ರಲ್ಲಿ ‘ಬಾಸ್ಟನ್ ಕಂಪ್ಯೂಟರ್ ಸೊಸೈಟಿ’ಯನ್ನು ಸ್ಥಾಪಿಸಿದವರಲ್ಲಿ ಜೊನಾಥನ್ ರೋಟನ್‌ಬರ್ಗ್ ಎಂಬ ಬಾಲಕನಿಗೆ ಆಗ ಕೇವಲ ಹದಿಮೂರು ವರ್ಷ! ಆ ಸಂಘವು ಬೆಳೆದು 30,000ಕ್ಕೂ ಹೆಚ್ಚು ಸದಸ್ಯರನ್ನು ಪಡೆಯಿತು. ಸ್ವಂತ ಕಚೇರಿ, ಸಂಬಳದ ನೌಕರರು, ಹಲವು ಪ್ರಕಟಣೆಗಳು, ಒಂದೊಂದು ಬಗೆಯ ಯಂತ್ರಕ್ಕೂ ಒಂದೊಂದು ಉಪಸಂಘ, ಎಲ್ಲವೂ ಇದ್ದವು. 1984ರ ಜನವರಿಯಲ್ಲಿ ಸ್ಟೀವ್ ಜಾಬ್ಸರು ಹೊಸ ಮ್ಯಾಕಿಂಟಾಷ್ ಯಂತ್ರವನ್ನು ಈ ಸಂಘದ ಸಭೆಗೆ ತಂದು ತೋರಿಸಿದರು. ಇಷ್ಟು ವೈಭವದಿಂದ ಮೆರೆದ ಸಂಘವು 1996ರಲ್ಲಿ ಬಾಗಿಲು ಮುಚ್ಚಿತು. ಹೋಮ್‌ಬ್ರೂ ಸಂಘವು ಅದಕ್ಕೂ ಹತ್ತು ವರ್ಷ ಮೊದಲೇ, 1986ರಲ್ಲಿ, ಕೊನೆಗೊಂಡಿದ್ದಿತು.

ಇದಕ್ಕೆ ಕಾರಣಗಳು ಸ್ಪಷ್ಟವಾಗಿಯೇ ಇವೆ. ಯಂತ್ರವು ಸುಲಭವಾದಂತೆಲ್ಲ ಸಂಘವು ಬಡವಾಯಿತು. 1981ರಲ್ಲಿ ಐಬಿಎಂ ಕಂಪನಿಯ ಪಿಸಿ ಬಂದ ಮೇಲೆ ಗಣಕಯಂತ್ರವು ಕಚೇರಿಯ ಸಾಮಾನ್ಯ ಸಲಕರಣೆಯಾಗತೊಡಗಿತು. ಕೊಂಡವನು ಬೆಸುಗೆ ಹಾಕಬೇಕಾಗಿರಲಿಲ್ಲ. ಅನೇಕ ಸಂಘಗಳಿಗೆ ಸದಸ್ಯರ ಚಂದಾದ ಜೊತೆಗೆ ಕಂಪನಿಗಳ ಜಾಹೀರಾತಿನಿಂದಲೂ, ಉಚಿತ ತಂತ್ರಾಂಶಗಳನ್ನು ಫ್ಲಾಪಿಗಳಲ್ಲಿ ತುಂಬಿ ಅಲ್ಪ ಬೆಲೆಗೆ ಕೊಡುವುದರಿಂದಲೂ ಆದಾಯ ಬರುತ್ತಿದ್ದಿತು. ಅಂತರ್ಜಾಲವು ಬಂದು ತಂತ್ರಾಂಶವನ್ನೂ ಉತ್ತರವನ್ನೂ ಮನೆಗೇ ತಂದುಕೊಟ್ಟಿತು. ಆ ಆದಾಯವೂ ಬತ್ತಿತು. ದೊಡ್ಡ ಕಚೇರಿಯ ಬಾಡಿಗೆ, ನೌಕರರ ಸಂಬಳ ಮಾತ್ರ ಬತ್ತಲಿಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ನಮ್ಮ ಗಾದೆಯು ಸಂಘಗಳಿಗೂ ಸಲ್ಲುವುದು.

ನಮ್ಮ ಬೆಂಗಳೂರೂ ಇಂತಹ ಏರಿಳಿತವನ್ನು ಕಂಡಿದೆ. ಎಲ್ಲರೂ ಉಚಿತವಾಗಿ ಬಳಸಿ ತಿದ್ದಬಹುದಾದ ಲಿನಕ್ಸ್ ವ್ಯವಸ್ಥೆಯ ಹವ್ಯಾಸಿಗಳು 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನವನ್ನು ಆರಂಭಿಸಿದರು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಎಂಬ ಹೊಸ ಹೆಸರನ್ನು ತಳೆದು, 2012ರವರೆಗೆ ನಡೆದು ನಿಂತಿತು.

ಹಾಗಾದರೆ ಸಂಘಗಳ ಕಾಲವು ಮುಗಿಯಿತೆ? ಮುಗಿದಿಲ್ಲವೆಂದೇ ನಮ್ಮ ಅಭಿಪ್ರಾಯ. ಯಂತ್ರವನ್ನು ಜೋಡಿಸುವ ಕಷ್ಟವು ಹೋಗಿ, ಯಂತ್ರದೊಡನೆ ಬಾಳುವ ಕಷ್ಟವು ಬಂದಿದೆ. ಪಿಂಚಣಿಯ ಹಣವೂ, ವೈದ್ಯರ ಭೇಟಿಯೂ, ರೈಲಿನ ಟಿಕೇಟೂ ಫೋನಿನೊಳಗೆ ಸೇರಿಕೊಂಡಿರುವಾಗ, ಮಕ್ಕಳು ದೂರದೇಶದಲ್ಲಿರುವ ಮನೆಯ ಹಿರಿಯರು ಯಾರನ್ನು ಕೇಳಬೇಕು? ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿ, ಬಾಳಿನ ಉಳಿತಾಯವನ್ನೆಲ್ಲ ದೋಚುವ ವಂಚಕರಿರುವರು. ಅಂತಹ ಬಂಧನವು ನಮ್ಮ ಕಾನೂನಿನಲ್ಲಿಯೇ ಇಲ್ಲವೆಂಬುದನ್ನೂ, ಹಣ ಹೋದ ಕೂಡಲೆ 1930 ಸಂಖ್ಯೆಗೆ ತಿಳಿಸಬೇಕೆಂಬುದನ್ನೂ ಪರಿಚಿತನಾದ ನೆರೆಯವನೊಬ್ಬನು ಮೊದಲೇ ಹೇಳಿದ್ದರೆ ಎಷ್ಟೋ ಮನೆಗಳು ಉಳಿಯಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು ನಿಂತಿತು; ಗಟ್ಟಿಮುಟ್ಟಾದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕದೆ ಲಿನಕ್ಸನ್ನು ಅಳವಡಿಸಿ ಉಳಿಸಿಕೊಳ್ಳಬಹುದು. ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದಿಟ್ಟ ಕನ್ನಡವು ಇಂದಿನ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೋರುವುದುಂಟು. ಅದನ್ನು ಯೂನಿಕೋಡಿಗೆ ಪರಿವರ್ತಿಸಿದರೆ ತಂದೆ ಬರೆದ ಪತ್ರವನ್ನು ಮಗಳು ಮತ್ತೆ ಓದಬಹುದು. ಇವೆಲ್ಲ ಸಂಘದ ಕೆಲಸಗಳೇ.

ನೆರೆಯವರು ಕೂಡಿ ಹಳೆಯದನ್ನು ದುರಸ್ತಿ ಮಾಡುವ ‘ರಿಪೇರಿ ಕೆಫೆ’ ಎಂಬ ಪದ್ಧತಿಯು 2009ರಲ್ಲಿ ಆಮ್ಸ್ಟರ್‌ಡಾಮಿನಲ್ಲಿ ಆರಂಭವಾಗಿ, 2015ರಲ್ಲಿ ಬೆಂಗಳೂರಿಗೂ ಬಂದಿತು. ಮನಸ್ಸಿದ್ದರೆ ಜನರು ಸೇರುವರೆಂಬುದಕ್ಕೆ ಇದೇ ಸಾಕ್ಷಿ.

ಸಂಘವನ್ನು ಕಟ್ಟಬಯಸುವವರಿಗೆ ಕೆಲವು ಸೂಚನೆಗಳು. ಮೊದಲನೆಯದಾಗಿ, ದಿನವೂ ಸ್ಥಳವೂ ಬದಲಾಗಕೂಡದು. ತಿಂಗಳ ಎರಡನೆಯ ಭಾನುವಾರ, ಶಾಲೆಯ ಅಥವಾ ವಾಚನಾಲಯದ ಕೊಠಡಿ, ಹಿರಿಯರು ಮೆಟ್ಟಲು ಹತ್ತಬೇಕಾಗದ ಜಾಗ, ಇಷ್ಟು ಸಾಕು. ಎರಡನೆಯದಾಗಿ, ಪ್ರಶ್ನೆಗೆ ಮೊದಲ ಸ್ಥಾನ, ಭಾಷಣಕ್ಕೆ ಕೊನೆಯ ಸ್ಥಾನ. ಯಾವ ಪ್ರಶ್ನೆಗೂ ನಗಕೂಡದು. ಒಮ್ಮೆ ನಕ್ಕರೆ ಕೇಳಿದವರು ಮತ್ತೆ ಬರಲಾರರು. ಮೂರನೆಯದಾಗಿ, ಕಲಿಯುವವರ ಫೋನು ಕಲಿಯುವವರ ಕೈಯಲ್ಲಿಯೇ ಇರಬೇಕು. ಗುಪ್ತಪದವನ್ನಾಗಲಿ ಓಟಿಪಿಯನ್ನಾಗಲಿ ಸಂಘದವರೇ ಆದರೂ ಕೇಳಕೂಡದು. ನಾಲ್ಕನೆಯದಾಗಿ, ಅಂದಂದಿನ ಪ್ರಶ್ನೋತ್ತರಗಳನ್ನು ಕನ್ನಡದಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಐದನೆಯದಾಗಿ, ಖರ್ಚು ಕಡಮೆಯಿರಲಿ, ಲೆಕ್ಕ ತೆರೆದಿರಲಿ. ಸರಕು ಮಾರುವವರ ಹಣದ ಮೇಲೆ ಸಂಘವು ನಿಲ್ಲದಿರಲಿ. ಕಡೆಯದಾಗಿ, ಕಾರ್ಯದರ್ಶಿಯು ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಒಬ್ಬನ ಹೆಗಲ ಮೇಲೆಯೇ ನಿಂತ ಸಂಘವು ಅವನಿಗೆ ವರ್ಗವಾದೊಡನೆ ಬೀಳುವುದು. ಗೃಹಿಣಿಯರೂ ವಿದ್ಯಾರ್ಥಿಗಳೂ ಈ ಭಾರವನ್ನು ಹೊರಲು ಮುಂದೆ ಬರಬೇಕು. ಹದಿಮೂರರ ಬಾಲಕನಿಂದ ಆದುದು ನಮ್ಮ ಮಕ್ಕಳಿಂದ ಆಗದೆ?

ಯಂತ್ರಗಳು ಇನ್ನೂ ಬದಲಾಗುವುವು. ಇಂದು ಕಲಿತುದು ನಾಲ್ಕು ವರ್ಷಕ್ಕೆ ಹಳತಾಗುವುದು. ಆದರೆ ತಿಳಿಯದುದನ್ನು ನಾಚದೆ ಕೇಳುವುದಕ್ಕೆ ಒಂದು ಜಾಗವೂ, ಬೇಸರಿಸದೆ ಹೇಳುವುದಕ್ಕೆ ನಾಲ್ಕು ಜನರೂ ಊರಿನಲ್ಲಿದ್ದರೆ ಹೊಸ ಯಂತ್ರಕ್ಕೆ ಯಾರೂ ಅಂಜಬೇಕಾಗಿಲ್ಲ. ಈ ಲೇಖನವನ್ನು ಓದಿದವರಲ್ಲಿ ಒಬ್ಬರಾದರೂ ಬರುವ ತಿಂಗಳಲ್ಲಿ ತಮ್ಮ ಬೀದಿಯ ಹತ್ತು ಮನೆಗಳನ್ನು ಕರೆದು ಕೂಡಿಸಲೆಂದು ಹಾರೈಸುತ್ತೇವೆ.